ಸುದ್ದಿಯ ಸನದ್ ಕೇಳುವ ಕಾಲ ಬಂದಿದೆ

ಸುಳ್ಳು ಸುದ್ದಿಯ ಮಾತು ಬಂದಾಗಲೆಲ್ಲ ನಾವು ಮೊದಲು ಕೇಳುವುದು ‘ಇದು ನಿಜವಾ?’ ಅಂತ. ಸರಕಾರಗಳೂ ಅದನ್ನೇ ಕೇಳುತ್ತವೆ. ಯಾವುದು ನಿಜ, ಯಾವುದು ಸುಳ್ಳು ಎಂದು ಮೊಹರು ಹಾಕುವ ಕಚೇರಿಯೊಂದನ್ನು ತೆರೆದರೆ ಕೆಲಸ ಮುಗಿಯಿತು ಎಂಬ ನಂಬಿಕೆಯಲ್ಲಿ ಕಾನೂನು ಬರೆಯಲು ಕೂರುತ್ತವೆ. ಆದರೆ ಒಂದು ದೇಶದ ಚುನಾವಣೆಯೊಳಗೆ, ಒಂದು ಊರಿನ ನೆಮ್ಮದಿಯೊಳಗೆ ಹೊರಗಿನವರು ಕೈ ಹಾಕುವ ಬಗೆಯನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ ಆ ಪ್ರಶ್ನೆ ಎರಡನೆಯದು ಎಂದು ಗೊತ್ತಾಗುತ್ತದೆ. ಮೊದಲು ಕೇಳಬೇಕಾದ್ದು ‘ಇದನ್ನು ಹೇಳುತ್ತಿರುವುದು ಯಾರು, ಯಾರ ಹಣದಲ್ಲಿ?’ ಎಂದು. ಇದನ್ನು ಅರ್ಥ ಮಾಡಿಕೊಳ್ಳಲು ಅಮೆರಿಕದ ಒಂದು ಮಸೀದಿಯ ಎದುರು ನಡೆದ ಸಂಗತಿಯಷ್ಟು ಒಳ್ಳೆಯ ಪಾಠ ನಮಗೆ ಬೇರೆ ಸಿಕ್ಕಿಲ್ಲ.

ಟೆಕ್ಸಸ್ ರಾಜ್ಯದ ಹೂಸ್ಟನ್ ನಗರದ ನಡುಪೇಟೆಯಲ್ಲಿ ಇಸ್ಲಾಮಿಕ್ ದಅವಾ ಸೆಂಟರ್ ಉಂಟು. 1920ರ ದಶಕದಲ್ಲಿ ಬ್ಯಾಂಕಿಗಾಗಿ ಕಟ್ಟಿದ, ದೊಡ್ಡ ಕಂಬಗಳ ಕಟ್ಟಡ ಅದು. ನೈಜೀರಿಯಾದಲ್ಲಿ ಹುಟ್ಟಿ ಅಮೆರಿಕದ ಬಾಸ್ಕೆಟ್‌ಬಾಲ್‌ನಲ್ಲಿ ಹೆಸರು ಮಾಡಿದ, ರಂಝಾನಿನಲ್ಲಿ ಉಪವಾಸ ಹಿಡಿದುಕೊಂಡೇ ಪಂದ್ಯ ಆಡುತ್ತಿದ್ದ ಹಕೀಮ್ ಒಲಾಜುವಾನ್ ಅದನ್ನು ಕೊಂಡು ಮಸೀದಿಯಾಗಿ ಮಾಡಿದರು. ಅಲ್ಲಿ ಇಸ್ಲಾಮೀ ಪುಸ್ತಕಗಳ ಒಂದು ಗ್ರಂಥಾಲಯವೂ ಶುರುವಾಗಿತ್ತು. 2016ರ ಮೇ 21, ಶನಿವಾರ ಮಧ್ಯಾಹ್ನ ಆ ಕಟ್ಟಡದ ಎದುರಿನ ರಸ್ತೆಯಲ್ಲಿ ಎರಡು ಗುಂಪು ಸೇರಿತು. ಒಂದು ಬದಿಯಲ್ಲಿ ಟೆಕ್ಸಸ್ ‘ಇಸ್ಲಾಮೀಕರಣ’ ಆಗುವುದನ್ನು ತಡೆಯಬೇಕು ಎನ್ನುವ ಹತ್ತು ಹನ್ನೆರಡು ಜನ. ಇನ್ನೊಂದು ಬದಿಯಲ್ಲಿ ಅವರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ, ಮಸೀದಿಯ ಪರವಾಗಿ ಬಂದವರು. ನಡುವೆ ಪೊಲೀಸರು. ಆಚೆಯಿಂದ ಬೊಬ್ಬೆ, ಈಚೆಯಿಂದ ಬೊಬ್ಬೆ. ಪುಣ್ಯಕ್ಕೆ ಕೈ ಕೈ ಮಿಲಾಯಿಸಲಿಲ್ಲ. ಕೆಲವು ಗಂಟೆ ಕಳೆದು ಎಲ್ಲರೂ ಮನೆಗೆ ಹೋದರು. ಕರಾವಳಿಯ ನಮಗೆ ಈ ದೃಶ್ಯ ಹೊಸದೇನೂ ಅಲ್ಲ, ಊರಿನ ಹೆಸರು ಮಾತ್ರ ಬೇರೆ.

ಒಂದೂವರೆ ವರ್ಷದ ನಂತರ, 2017ರ ನವೆಂಬರ್ 1ರಂದು, ಅಮೆರಿಕದ ಸೆನೆಟ್‌ನ ಗುಪ್ತಚರ ಸಮಿತಿಯ ಅಧ್ಯಕ್ಷ ರಿಚರ್ಡ್ ಬರ್ ಈ ಮೆರವಣಿಗೆಯ ವಿಷಯ ಎತ್ತಿದರು. ಎದುರಿಗೆ ಫೇಸ್‌ಬುಕ್, ಟ್ವಿಟರ್, ಗೂಗಲ್ ಕಂಪೆನಿಗಳ ವಕೀಲರು ಕೂತಿದ್ದರು. ಮಸೀದಿ ವಿರೋಧಿಗಳನ್ನು ಕರೆದದ್ದು ‘ಹಾರ್ಟ್ ಆಫ್ ಟೆಕ್ಸಸ್’ ಎಂಬ ಫೇಸ್‌ಬುಕ್ ಪುಟ. ಅದಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ಹಿಂಬಾಲಕರು. ಮಸೀದಿ ಪರ ಇದ್ದವರನ್ನು ಅದೇ ದಿನ, ಅದೇ ಹೊತ್ತಿಗೆ, ಅದೇ ಜಾಗಕ್ಕೆ ಕರೆದದ್ದು ‘ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ’ ಎಂಬ ಪುಟ. ಅದಕ್ಕೆ ಮೂರು ಲಕ್ಷಕ್ಕೂ ಹೆಚ್ಚು. ಎರಡನ್ನೂ ನಡೆಸುತ್ತಿದ್ದವರು ಒಬ್ಬರೇ. ಅವರು ಟೆಕ್ಸಸ್‌ನಲ್ಲಿ ಇರಲಿಲ್ಲ, ಅಮೆರಿಕದಲ್ಲೇ ಇರಲಿಲ್ಲ, ರಶ್ಯದ ಸೈಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದರು. ಎರಡೂ ಕಡೆಯ ಜಾಹೀರಾತಿಗೆ ಆದ ಖರ್ಚು ಸುಮಾರು 200 ಡಾಲರ್ ಎಂದು ಬರ್ ಲೆಕ್ಕ ಕೊಟ್ಟರು. ಆಗಿನ ದರದಲ್ಲಿ 13 ಸಾವಿರ ರೂಪಾಯಿ ಆಸುಪಾಸು. ನಮ್ಮಲ್ಲಿ ಒಂದು ಮದುವೆಯ ಶಾಮಿಯಾನಕ್ಕೂ ಸಾಲದ ದುಡ್ಡು.

ಈ ಕೆಲಸ ಮಾಡಿದ ಸಂಸ್ಥೆಯ ಹೆಸರು ಇಂಟರ್ನೆಟ್ ರಿಸರ್ಚ್ ಏಜೆನ್ಸಿ. ಹೆಸರು ಕೇಳಿದರೆ ಏನೋ ಸಂಶೋಧನಾ ಕೇಂದ್ರ ಅನ್ನಿಸಬೇಕು. ಸವುಶ್ಕಿನಾ ಬೀದಿಯ 55ನೇ ನಂಬರಿನ ಕಟ್ಟಡದಲ್ಲಿ ನೂರಾರು ಜನ ಸಂಬಳಕ್ಕೆ ಕೂತು ಅಮೆರಿಕನ್ನರ ಹಾಗೆ ನಟಿಸುತ್ತಿದ್ದರು. ಅಮೆರಿಕದ ನ್ಯಾಯಾಂಗ ಇಲಾಖೆ 2018ರ ಫೆಬ್ರವರಿ 16ರಂದು 13 ಜನ ರಶ್ಯನ್ನರು ಮತ್ತು ಮೂರು ಸಂಸ್ಥೆಗಳ ಮೇಲೆ ಹೊರಿಸಿದ ಆರೋಪಪಟ್ಟಿ ಓದಿದರೆ ಅಲ್ಲಿನ ದಿನಚರಿ ತಿಳಿಯುತ್ತದೆ. ಅಮೆರಿಕದ ಗಡಿಯಾರಕ್ಕೆ ಹೊಂದುವಂತೆ ಹಗಲು ಪಾಳಿ, ರಾತ್ರಿ ಪಾಳಿ. ಅಮೆರಿಕದ ಹಬ್ಬ ಮತ್ತು ರಜಾದಿನಗಳ ಪಟ್ಟಿ ಎಲ್ಲರ ಕೈಯಲ್ಲಿ, ಆಯಾ ದಿನಕ್ಕೆ ತಕ್ಕ ಪೋಸ್ಟ್ ಹಾಕಲಿಕ್ಕೆ. 2014ರಲ್ಲಿ ಇಬ್ಬರು ಅಮೆರಿಕಕ್ಕೇ ಹೋಗಿ ರಾಜ್ಯ ರಾಜ್ಯ ಸುತ್ತಿ ನೋಡಿಕೊಂಡು ಬಂದಿದ್ದರು. ಹಣ ಹಾಕುತ್ತಿದ್ದದ್ದು ಯೆವ್ಗೆನಿ ಪ್ರಿಗೋಝಿನ್. ಕ್ರೆಮ್ಲಿನ್‌ನ ಔತಣಗಳ ಗುತ್ತಿಗೆ ಹಿಡಿದಿದ್ದ ಕಾರಣ ಅವನಿಗೆ ‘ಪುಟಿನ್‌ನ ಬಾಣಸಿಗ’ ಅಂತ ಅಡ್ಡಹೆಸರು. ವರ್ಷಗಟ್ಟಲೆ ಇಲ್ಲ ಇಲ್ಲ ಎಂದವನು 2022ರ ನವೆಂಬರಿನಲ್ಲಿ, ಹೌದು, ನಾವು ಅಮೆರಿಕದ ಚುನಾವಣೆಯಲ್ಲಿ ಕೈ ಹಾಕಿದ್ದೇವೆ, ಇನ್ನೂ ಹಾಕುತ್ತೇವೆ ಎಂದು ಬಹಿರಂಗವಾಗಿ ಹೇಳಿದ. ಮರುವರ್ಷ ಆಗಸ್ಟಿನಲ್ಲಿ ವಿಮಾನ ಬಿದ್ದು ಸತ್ತ.

ಮುಸ್ಲಿಮರ ಹೆಸರಿನ ಆ ಪುಟದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ‘ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ’ ಎಂಬುದು ಕಟ್ಟುಕತೆಯ ಹೆಸರಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆ ಹೆಸರಿನ ನಿಜವಾದ ಸಂಸ್ಥೆಯೊಂದಿತ್ತು. ರಶ್ಯದವರು ಅದರ ಹೆಸರನ್ನು ಕದ್ದು ಅದರ ಮೇಲೆ ಅಂಗಡಿ ಇಟ್ಟರು. 2016ರ ಜುಲೈಯಲ್ಲಿ ಇದೇ ಹೆಸರಿನಲ್ಲಿ ವಾಷಿಂಗ್ಟನ್‌ನಲ್ಲಿ, ಹಿಲರಿಯನ್ನು ಬೆಂಬಲಿಸಿ ಮುಸ್ಲಿಮರನ್ನು ಉಳಿಸಿ ಎಂಬ ಸಭೆ ಕರೆದರು. ಅಲ್ಲಿ ಹಿಲರಿ ಕ್ಲಿಂಟನ್‌ರ ಚಿತ್ರದ ಪಕ್ಕ, ಶರೀಅತ್ ಕಾನೂನನ್ನು ಹೊಗಳುವ ಮಾತೊಂದನ್ನು ಅವರೇ ಹೇಳಿದ್ದೆಂದು ಬರೆದ ಫಲಕವನ್ನು ಹಿಡಿಯಲು ಒಬ್ಬ ಅಮೆರಿಕನ್ನನನ್ನು ಗೊತ್ತು ಮಾಡಿದ್ದರು. ಅವರು ಅಂಥ ಮಾತು ಆಡಿಯೇ ಇರಲಿಲ್ಲ. ಆ ಫಲಕವನ್ನು ನೋಡಿ ಯಾರು ಸಿಟ್ಟಾಗಬೇಕು, ಆ ಸಿಟ್ಟು ಯಾರ ಮೇಲೆ ತಿರುಗಬೇಕು ಎಂಬ ಲೆಕ್ಕ ಮೊದಲೇ ಆಗಿತ್ತು. ಮುಸ್ಲಿಮರ ಪರ ಎಂದು ಕಾಣುವ ಕೈಯೇ ಮುಸ್ಲಿಮರ ವಿರುದ್ಧ ಬೆಂಕಿ ಹಚ್ಚುತ್ತಿತ್ತು.

ಇದರಿಂದ ಆ ಚುನಾವಣೆಯ ಫಲಿತಾಂಶವೇ ಬದಲಾಯಿತು ಎಂದು ನಾವು ಹೇಳುವುದಿಲ್ಲ. 2023ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, ಟ್ವಿಟರಿನಲ್ಲಿ ಈ ಖಾತೆಗಳ ಪೋಸ್ಟ್ ನೋಡಿದವರ ಮತ ಬದಲಾದದ್ದಕ್ಕೆ ಪುರಾವೆ ಸಿಗಲಿಲ್ಲ ಎಂದಿದೆ. ಆದರೆ ಹೂಸ್ಟನ್ನಿನ ಆ ರಸ್ತೆಯಲ್ಲಿ ನಿಂತವರು ನಿಜವಾದ ಮನುಷ್ಯರು. ಅವರ ಸಿಟ್ಟೂ ನಿಜ, ಹೆದರಿಕೆಯೂ ನಿಜ. ಅಷ್ಟೂ ಜನರಿಗೆ ತಮ್ಮನ್ನು ಅಲ್ಲಿಗೆ ಕರೆದದ್ದು ಯಾರು ಎಂಬುದು ಮಾತ್ರ ಗೊತ್ತಿರಲಿಲ್ಲ.

ಸುಳ್ಳಿಲ್ಲದ ಮೋಸ

ಇಲ್ಲಿ ಸುಳ್ಳು ಎಲ್ಲಿದೆ? ಫಲಕದ ಮಾತು ಸುಳ್ಳು, ಸರಿ. ಆದರೆ ಹೂಸ್ಟನ್ನಿನ ಕರೆಯಲ್ಲಿ? ‘ಈ ದಿನ ಇಂಥ ಕಡೆ ಸೇರೋಣ’ ಎಂಬ ಮಾತಿನಲ್ಲಿ ಪರೀಕ್ಷೆ ಮಾಡಲಿಕ್ಕೆ ಎಂತ ಉಂಟು? ಈ ಪುಟಗಳಲ್ಲಿ ಬಂದ ಬಹಳಷ್ಟು ಪೋಸ್ಟ್‌ಗಳು ‘ನಾವು ಹೆಮ್ಮೆಯ ಮುಸ್ಲಿಮರು’, ‘ನಾವು ಹೆಮ್ಮೆಯ ಟೆಕ್ಸಸ್ ಜನ’ ಎಂಬ ಧಾಟಿಯವು. ಫ್ಯಾಕ್ಟ್ ಚೆಕ್ ಮಾಡುವವರ ಕೈಗೆ ಇವು ಸಿಗುವುದೇ ಇಲ್ಲ. ಮಾತಿನಲ್ಲಿ ದೋಷ ಇಲ್ಲ, ದೋಷ ಇರುವುದು ಮಾತಾಡಿದವನ ಮುಖವಾಡದಲ್ಲಿ.

ಮದ್ರಸದಲ್ಲಿ ಹದೀಸ್ ಶಾಸ್ತ್ರ ಓದಿದವರಿಗೆ ಇದು ಹೊಸ ವಿಷಯ ಅಲ್ಲ. ನಮ್ಮ ಮುಹದ್ದಿಸ್‌ಗಳು ಸುಳ್ಳಿಗೆ ಒಂದು ಹೆಸರು ಇಟ್ಟರು, ಈ ಮುಖವಾಡಕ್ಕೆ ಬೇರೆಯೇ ಒಂದು ಹೆಸರು ಇಟ್ಟರು. ಸುಳ್ಳು ಹದೀಸ್ ಮೌದೂಅ್. ಮುಖವಾಡಕ್ಕೆ ತದ್ಲೀಸ್. ಹೇಳುವವನು ಸುಳ್ಳ ಅಲ್ಲದೇ ಇರಬಹುದು, ಹೇಳಿದ ಮಾತೂ ಸರಿಯೇ ಇರಬಹುದು, ಆದರೆ ತಾನು ಯಾರಿಂದ ಕೇಳಿದೆ ಎಂಬುದನ್ನು ಅವನು ಮುಚ್ಚಿಡುತ್ತಾನೆ. ನಡುವಿನ ದುರ್ಬಲ ವ್ಯಕ್ತಿಯನ್ನು ಹಾರಿಸಿ ಮೇಲಿನ ದೊಡ್ಡವರ ಹೆಸರು ಹೇಳುತ್ತಾನೆ. ಇಲ್ಲವೇ ತನ್ನ ಗುರುವನ್ನು ಯಾರಿಗೂ ಗೊತ್ತಿಲ್ಲದ ಅಡ್ಡಹೆಸರಿನಿಂದ ಕರೆದು ಗುರುತು ಸಿಗದ ಹಾಗೆ ಮಾಡುತ್ತಾನೆ. ಈ ಎರಡನೆಯದಕ್ಕೆ ತದ್ಲೀಸುಶ್ಶುಯೂಖ್ ಎನ್ನುತ್ತಾರೆ. ಪೀಟರ್ಸ್‌ಬರ್ಗಿನ ಕಟ್ಟಡವೊಂದು ತನ್ನನ್ನು ‘ಅಮೆರಿಕದ ಒಗ್ಗೂಡಿದ ಮುಸ್ಲಿಮರು’ ಎಂದು ಕರೆದುಕೊಂಡದ್ದಕ್ಕೆ ಇದಕ್ಕಿಂತ ಸರಿಯಾದ ಪದ ನಮಗೆ ಯಾವ ಭಾಷೆಯಲ್ಲೂ ಕಾಣಲಿಲ್ಲ.

ಇದಕ್ಕೆ ಅವರು ಮಾಡಿದ ಮದ್ದೂ ಗಮನಿಸುವಂಥದ್ದು. ಬ್ಯಾರಿಗಳಾದ ನಾವು ಅನುಸರಿಸುವ ಇಮಾಮ್ ಶಾಫಿಈ ತಮ್ಮ ರಿಸಾಲಾದಲ್ಲಿ ಹೇಳುವ ನಿಲುವಿನ ಸಾರಾಂಶ ಹೀಗೆ: ಒಬ್ಬ ಒಮ್ಮೆ ತದ್ಲೀಸ್ ಮಾಡಿದ್ದು ಗೊತ್ತಾದರೆ, ಅವನು ‘ನನಗೆ ಹೇಳಿದರು’ ಅಥವಾ ‘ನಾನು ಕೇಳಿದೆ’ ಎಂದು ಬಿಡಿಸಿ ಹೇಳುವವರೆಗೆ ಅವನ ವರದಿಯನ್ನು ಸ್ವೀಕರಿಸುವುದಿಲ್ಲ. ಅಂದರೆ ಅವನ ನಾಲಿಗೆ ಕತ್ತರಿಸಲಿಲ್ಲ, ಅವನನ್ನು ಜೈಲಿಗೆ ಹಾಕಲಿಲ್ಲ. ಮೂಲ ಹೇಳು, ಆಮೇಲೆ ಕೇಳುತ್ತೇವೆ ಎಂದರು. ಮುಂದೆ ಇಬ್ನು ಹಜರ್ ಅಸ್ಕಲಾನಿ ಇಂಥವರನ್ನು ಐದು ದರ್ಜೆಯಲ್ಲಿ ವಿಂಗಡಿಸಿ ಹೆಸರು ಸಮೇತ ಒಂದು ಗ್ರಂಥವನ್ನೇ ಬರೆದರು. ಅಪರೂಪಕ್ಕೆ ಮಾಡಿದವ ಬೇರೆ, ಅದನ್ನೇ ಕಸುಬು ಮಾಡಿಕೊಂಡವ ಬೇರೆ. ಹದೀಸಿಗೆ ಸನದ್ ಕೇಳುವ ಪದ್ಧತಿ ಬಿಗಿಯಾದದ್ದು ಯಾವಾಗ ಎಂಬುದಕ್ಕೂ ಇಬ್ನು ಸೀರೀನರ ಉತ್ತರ ಉಂಟು. ಸಮುದಾಯದೊಳಗೆ ಫಿತ್ನ ಎದ್ದು ಜನ ಪಂಗಡಗಳಾಗಿ ಒಡೆದ ಮೇಲೆ. ಅದಕ್ಕಿಂತ ಮೊದಲು ಯಾರೂ ಅಷ್ಟು ಕೇಳುತ್ತಿರಲಿಲ್ಲ. ನಮ್ಮ ಖುತುಬಾಗಳಲ್ಲಿ ಮತ್ತೆ ಮತ್ತೆ ಬರುವ ಹುಜುರಾತ್ ಅಧ್ಯಾಯದ ಆರನೇ ವಚನವನ್ನೇ ನೋಡಿ. ಅಲ್ಲಿಯೂ ಮಾತು ಶುರುವಾಗುವುದು ಸುದ್ದಿ ತಂದವನಿಂದ.

ನಗಬೇಕೋ ಅಳಬೇಕೋ ತಿಳಿಯದ ಸಂಗತಿ ಎಂದರೆ, ಹೂಸ್ಟನ್ನಿನ ಮೋಸವನ್ನು ಹಿಡಿದ ಅಮೆರಿಕವೇ ಮುಂದೆ ಅದೇ ಆಟ ಆಡಿತು. ಕೊರೋನ ಕಾಲದಲ್ಲಿ, 2020ರಿಂದ 2021ರ ನಡುವರೆಗೆ, ಅಮೆರಿಕದ ಸೇನೆ ನಕಲಿ ಖಾತೆಗಳ ಮೂಲಕ ಫಿಲಿಪ್ಪೀನ್ಸ್‌ನಲ್ಲಿ ಚೀನಾದ ಸಿನೋವ್ಯಾಕ್ ಲಸಿಕೆಯ ವಿರುದ್ಧ ಪ್ರಚಾರ ನಡೆಸಿತು ಎಂದು 2024ರ ಜೂನ್‌ನಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆ ತನಿಖೆ ಮಾಡಿ ಬರೆಯಿತು. ಮಧ್ಯ ಏಶ್ಯ ಮತ್ತು ಅರಬ್ ಕಡೆಯ ಮುಸ್ಲಿಮರಿಗೆ ಬೇರೆ ಪಾಕ ಮಾಡಿ ಬಡಿಸಿದರು: ಚೀನಾದ ಲಸಿಕೆಯಲ್ಲಿ ಹಂದಿಯ ಅಂಶ ಉಂಟು, ಅದು ಹರಾಮ್. ಲಸಿಕೆ ಹಲಾಲಾ ಎಂಬ ಪ್ರಶ್ನೆ ಆ ದಿನಗಳಲ್ಲಿ ನಮ್ಮ ಜಮಾಅತ್‌ಗಳಲ್ಲೂ ಕೇಳಿಬಂದಿತ್ತು. ಅದಕ್ಕೂ ಇದಕ್ಕೂ ನಂಟು ಉಂಟೆಂದು ನಾವು ಹೇಳುವುದಿಲ್ಲ. ಆದರೆ ನಮ್ಮ ದೀನಿನ ಒಂದು ಸೂಕ್ಷ್ಮ ಪ್ರಶ್ನೆಯನ್ನು ಯಾವುದೋ ಸೇನೆಯ ಕಚೇರಿಯಲ್ಲಿ ಕೂತವರು ಆಯುಧ ಮಾಡಿಕೊಂಡರಲ್ಲ, ಅದನ್ನು ಮರೆಯುವ ಹಾಗಿಲ್ಲ. ರಶ್ಯವಾಗಲಿ ಅಮೆರಿಕವಾಗಲಿ, ಮುಸ್ಲಿಮರ ಭಯ ಮತ್ತು ಭಕ್ತಿ ಎರಡೂ ಅವರಿಗೆ ಅಗ್ಗದ ಸಾಮಗ್ರಿ.

ಕಾನೂನು ಯಾರನ್ನು ಕೇಳಬೇಕು?

ಹೂಸ್ಟನ್ ಪ್ರಕರಣ ಹೊರಬಿದ್ದಾಗ ಅಮೆರಿಕದಲ್ಲಿ ಕಾನೂನು ಇರಲಿಲ್ಲ ಅಂತಲ್ಲ. ಹೊರದೇಶದ ಪರ ಕೆಲಸ ಮಾಡುವವರು ಸರಕಾರದಲ್ಲಿ ಹೆಸರು ನೋಂದಾಯಿಸಬೇಕು ಎಂಬ ಕಾಯಿದೆ 1938ರಿಂದಲೂ ಉಂಟು. ನಾಝಿಗಳ ಗುಪ್ತ ಪ್ರಚಾರಕ್ಕೆ ಹೆದರಿ ಮಾಡಿದ್ದು ಅದು. ಅದರ ಬುದ್ಧಿವಂತಿಕೆ ಏನೆಂದರೆ, ಅದು ಯಾರ ಬಾಯಿಯನ್ನೂ ಮುಚ್ಚುವುದಿಲ್ಲ, ಮಾತಾಡು, ಯಾರ ಪರ ಅಂತ ಹೇಳಿ ಮಾತಾಡು ಎನ್ನುತ್ತದೆ. ಟಿವಿ, ರೇಡಿಯೋದಲ್ಲಿ ಚುನಾವಣಾ ಜಾಹೀರಾತು ಬಂದರೆ ಹಣ ಕೊಟ್ಟವರ ಹೆಸರು ಹೇಳಲೇಬೇಕು. ಫೋನಿನ ಪರದೆಯ ಮಟ್ಟಿಗೆ ಮಾತ್ರ ಆ ನಿಯಮ ಸಡಿಲವಾಗಿ ಉಳಿದುಹೋಯಿತು. ಫೇಸ್‌ಬುಕ್‌ಗೆ ಕೆಲವು ಜಾಹೀರಾತುಗಳ ಹಣ ರಶ್ಯದ ರೂಬಲ್‌ನಲ್ಲಿಯೇ ಸಂದಾಯವಾಗಿತ್ತು. ಅಮೆರಿಕದ ರಾಜಕೀಯದ ಜಾಹೀರಾತಿಗೆ ರೂಬಲ್ ಬಂದರೂ ನಿಮಗೆ ಅನುಮಾನ ಬರಲಿಲ್ಲವಾ ಎಂದು ಸೆನೆಟರ್ ಆಲ್ ಫ್ರಾಂಕೆನ್ ಕೇಳಿದಾಗ ಕಂಪೆನಿಯ ವಕೀಲರ ಬಳಿ ನೆಟ್ಟಗಿನ ಉತ್ತರ ಇರಲಿಲ್ಲ. ಈ ತೂತು ಮುಚ್ಚಲು 2017ರ ಅಕ್ಟೋಬರಿನಲ್ಲಿ ಎರಡೂ ಪಕ್ಷದ ಸೆನೆಟರ್‌ಗಳು ಸೇರಿ ಮಂಡಿಸಿದ ‘ಆನೆಸ್ಟ್ ಆ್ಯಡ್ಸ್’ ಮಸೂದೆ ಇಂದಿಗೂ ಕಾನೂನಾಗಿಲ್ಲ. 2025ರಲ್ಲಂತೂ ಎಫ್‌ಬಿಐಯಲ್ಲಿ ಹೊರದೇಶಗಳ ಪ್ರಭಾವವನ್ನು ಪತ್ತೆಹಚ್ಚಲು ಇದ್ದ ತಂಡವನ್ನೇ ವಿಸರ್ಜಿಸಿದರು.

ಅಷ್ಟರಲ್ಲಿ ಆಟವೂ ಬದಲಾಗಿತ್ತು. 2024ರ ಸೆಪ್ಟೆಂಬರಿನಲ್ಲಿ ಹೊರಬಿದ್ದ ಪ್ರಕರಣದಲ್ಲಿ ನಕಲಿ ಅಮೆರಿಕನ್ನರು ಇರಲಿಲ್ಲ, ಅಸಲಿ ಅಮೆರಿಕನ್ನರೇ ಇದ್ದರು. ರಶ್ಯದ ಸರಕಾರಿ ಚಾನೆಲ್ ಆರ್‌ಟಿಯ ಇಬ್ಬರು ನೌಕರರು ಸುಮಾರು ಒಂದು ಕೋಟಿ ಡಾಲರನ್ನು ಟೆನೆಸಿ ರಾಜ್ಯದ ಒಂದು ಕಂಪೆನಿಗೆ ಗುಟ್ಟಾಗಿ ಹರಿಸಿ, ಅದರ ಮೂಲಕ ಹೆಸರಾಂತ ಯೂಟ್ಯೂಬ್ ಮಾತುಗಾರರಿಗೆ ಸಂಬಳ ಕೊಡಿಸುತ್ತಿದ್ದರು ಎಂಬುದು ಆರೋಪ. ಹಣದ ಮೂಲ ತಮಗೆ ಗೊತ್ತಿರಲಿಲ್ಲ ಎಂದು ಆ ಮಾತುಗಾರರು ಹೇಳಿದರು. ಇರಬಹುದು. ಅವರು ಆಡಿದ ಮಾತು ಅವರದೇ ಅಭಿಪ್ರಾಯವೂ ಇರಬಹುದು. ಅಭಿಪ್ರಾಯವನ್ನು ನಿಜ-ಸುಳ್ಳು ಅಂತ ತೂಗುವ ತಕ್ಕಡಿ ಯಾವ ಕಚೇರಿಯಲ್ಲೂ ಇಲ್ಲ. ಆದರೆ ಹಣ ಎಲ್ಲಿಂದ ಬಂತು ಎಂದು ಕೇಳಬಹುದು, ಬ್ಯಾಂಕಿನಲ್ಲಿ ಅದಕ್ಕೆ ದಾಖಲೆ ಇರುತ್ತದೆ.

ಯುರೋಪು ಈ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿದೆ. ಅವರ ಡಿಜಿಟಲ್ ಸರ್ವಿಸಸ್ ಆ್ಯಕ್ಟ್ 2024ರ ಫೆಬ್ರವರಿಯಿಂದ ಪೂರ್ತಿ ಜಾರಿಯಲ್ಲಿದೆ. ತಿಂಗಳಿಗೆ 4.5 ಕೋಟಿ ಯುರೋಪಿಯನ್ ಬಳಕೆದಾರರು ಇರುವ ದೊಡ್ಡ ಕಂಪೆನಿಗಳು ತಮ್ಮಲ್ಲಿ ಬಂದ ಪ್ರತಿಯೊಂದು ಜಾಹೀರಾತನ್ನು, ಅದಕ್ಕೆ ಹಣ ಕೊಟ್ಟವರ ಹೆಸರನ್ನು ಯಾರು ಬೇಕಾದರೂ ಹುಡುಕಬಹುದಾದ ಭಂಡಾರದಲ್ಲಿ ಇಡಬೇಕು. ಸಂಶೋಧಕರು ಮಾಹಿತಿ ಕೇಳಿದರೆ ಕೊಡಬೇಕು. ತಪ್ಪಿದರೆ ಜಾಗತಿಕ ವಹಿವಾಟಿನ ನೂರಕ್ಕೆ ಆರರವರೆಗೆ ದಂಡ. 2025ರ ಡಿಸೆಂಬರಿನಲ್ಲಿ ಎಕ್ಸ್ ಕಂಪೆನಿಗೆ ಹಾಕಿದ 12 ಕೋಟಿ ಯುರೋ ದಂಡ ಈ ಕಾನೂನಿನದ್ದು. ನಮ್ಮ ಲೆಕ್ಕದಲ್ಲಿ ಸುಮಾರು 1,250 ಕೋಟಿ ರೂಪಾಯಿ. ಅದರ ಕಾರಣಗಳನ್ನು ನೋಡಿ: ಹಣ ಕೊಟ್ಟವರಿಗೆಲ್ಲ ನೀಲಿ ಗುರುತು ಕೊಟ್ಟು ಅಸಲಿ ಯಾರು ಎಂದು ತಿಳಿಯದ ಹಾಗೆ ಮಾಡಿದ್ದು, ಜಾಹೀರಾತಿನ ಭಂಡಾರವನ್ನು ಸರಿಯಾಗಿ ಇಡದೇ ಇದ್ದದ್ದು, ಸಂಶೋಧಕರಿಗೆ ಮಾಹಿತಿ ಕೊಡದೇ ಇದ್ದದ್ದು. ಯಾವ ಪೋಸ್ಟ್ ನಿಜ, ಯಾವುದು ಸುಳ್ಳು ಎಂಬ ಮಾತು ಈ ಕಾರಣಗಳಲ್ಲಿ ಇಲ್ಲವೇ ಇಲ್ಲ. ರಾಜಕೀಯ ಜಾಹೀರಾತಿಗೆ ಬೇರೆಯೇ ನಿಯಮ 2025ರ ಅಕ್ಟೋಬರಿನಿಂದ ಬಂದಿದೆ. ಹಣ ಕೊಟ್ಟವರು ಯಾರು, ಎಷ್ಟು, ಯಾವ ಚುನಾವಣೆಗೆ ಎಂಬುದು ಜಾಹೀರಾತಿನ ಜೊತೆಗೇ ಇರಬೇಕು. ಮತದಾನದ ಹಿಂದಿನ ಮೂರು ತಿಂಗಳು ಹೊರದೇಶದವರ ಹಣ ಪೂರ್ತಿ ನಿಷೇಧ. ಇಷ್ಟು ಹೇಳಿದ್ದಕ್ಕೇ ಗೂಗಲ್ ಮತ್ತು ಮೆಟಾ ಯುರೋಪಿನಲ್ಲಿ ರಾಜಕೀಯ ಜಾಹೀರಾತೇ ಬೇಡ ಎಂದು ಅಂಗಡಿ ಮುಚ್ಚಿದವು. ಹೆಸರು ಹೇಳಿ ವ್ಯಾಪಾರ ಮಾಡು ಎಂದರೆ ವ್ಯಾಪಾರವನ್ನೇ ಬಿಡುವವರ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಯುರೋಪು ಮಾಡಿದ್ದೆಲ್ಲ ಸರಿ ಎಂದು ನಮ್ಮ ಅಭಿಪ್ರಾಯವಲ್ಲ. ಉಕ್ರೇನ್ ಮೇಲೆ ದಾಳಿಯಾದ ಮೇಲೆ 2022ರ ಮಾರ್ಚಿನಲ್ಲಿ ಅವರು ಆರ್‌ಟಿ, ಸ್ಪುಟ್ನಿಕ್ ಚಾನೆಲ್‌ಗಳನ್ನು ನಿಷೇಧಿಸಿದರು. ಅವು ರಶ್ಯ ಸರಕಾರದ ಚಾನೆಲ್‌ಗಳು ಎಂದು ಎಲ್ಲರಿಗೂ ಗೊತ್ತಿತ್ತು. ಮೂಲ ಗೊತ್ತಿರುವ ಮಾತನ್ನು ಕೇಳಿ ತೂಗುವ ಶಕ್ತಿ ಜನರಿಗೆ ಇರುತ್ತದೆ. ‘ಹೊರಗಿನವರ ಪ್ರಭಾವ’ ಎಂಬ ಹೆಸರಿನಲ್ಲಿ ಚಾನೆಲ್ ಮುಚ್ಚುವ ಚಾಳಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಇಸ್ರೇಲ್ ಸಾಕ್ಷಿ. 2024ರ ಮೇಯಲ್ಲಿ ಅಲ್ ಜಝೀರಾದ ಕಚೇರಿಗೆ ಬೀಗ ಹಾಕಿದ್ದು ಇಂಥದ್ದೇ ಕಾನೂನಿನ ಬಲದಿಂದ. ಗಾಝಾದಿಂದ ನೇರ ವರದಿ ಕೊಡುತ್ತಿದ್ದ ಬೆರಳೆಣಿಕೆಯ ಚಾನೆಲ್‌ಗಳಲ್ಲಿ ಅದು ಒಂದು.

ರೊಮೇನಿಯಾದ ಪ್ರಕರಣ ಇನ್ನೂ ಕಗ್ಗಂಟಿನದ್ದು. 2024ರ ನವೆಂಬರ್ 24ರಂದು ಅಲ್ಲಿನ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಯಾರೂ ನಿರೀಕ್ಷಿಸದ ಕಲಿನ್ ಜಾರ್ಜೆಸ್ಕು ಎಂಬವರು ಸುಮಾರು 23 ಶೇಕಡಾ ಮತ ಪಡೆದು ಮೊದಲಿಗರಾದರು. ಪ್ರಚಾರದ ಖರ್ಚು ಸೊನ್ನೆ ಎಂದು ಅವರು ಲೆಕ್ಕ ಕೊಟ್ಟಿದ್ದರು, ಟಿಕ್‌ಟಾಕ್‌ನಲ್ಲಿ ನೋಡಿದರೆ ಅವರದ್ದೇ ಸುರಿಮಳೆ. ಡಿಸೆಂಬರ್ 6ರಂದು ಸಾಂವಿಧಾನಿಕ ನ್ಯಾಯಾಲಯ ಚುನಾವಣೆಯನ್ನೇ ರದ್ದು ಮಾಡಿತು. 2025ರ ಮೇಯಲ್ಲಿ ಮರುಚುನಾವಣೆ ನಡೆದು ನಿಕುಶೋರ್ ಡಾನ್ ಗೆದ್ದರು. ಸೊನ್ನೆ ಖರ್ಚಿನ ಪ್ರಚಾರಕ್ಕೆ ಹಣ ಹಾಕಿದವರು ಯಾರು ಎಂದು ಮತದಾನಕ್ಕೆ ಮೊದಲೇ ಕೇಳಿ ಉತ್ತರ ಪಡೆಯುವ ವ್ಯವಸ್ಥೆ ಇದ್ದಿದ್ದರೆ, ಜನ ಹಾಕಿದ ಮತವನ್ನು ಕೋರ್ಟು ಚೆಲ್ಲಬೇಕಾಗಿ ಬರುತ್ತಿರಲಿಲ್ಲ.

ನಮ್ಮಲ್ಲಿ ಹಳೆಯದೇ ಒಂದು ದಾರಿ ಉಂಟು

ನೀವು ಓದುತ್ತಿರುವ ಈ ಪತ್ರಿಕೆಯ ಪುಟಗಳಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು ಇರುತ್ತದೆ. ಯಾರೂ ಓದುವುದಿಲ್ಲ. ಪತ್ರಿಕೆಗಳು ಹೆಸರು ಹಾಕಲೇಬೇಕು ಎಂಬ ನಿಯಮ 1867ರ ಕಾಯಿದೆಯಿಂದ ಬಂದದ್ದು, 2023ರ ಹೊಸ ಕಾಯಿದೆ ಈಗ ಅದರ ಜಾಗದಲ್ಲಿದೆ. ಬ್ರಿಟಿಷರು ಮಾಡಿದ್ದು ನಮ್ಮ ಮೇಲೆ ಕಣ್ಣಿಡಲಿಕ್ಕೆ, ಅದು ಬೇರೆ ವಿಷಯ. ಆದರೆ ಆ ಒಂದು ಸಾಲು ಇಡೀ ಪತ್ರಿಕೆಯ ಸನದ್. ಹಾಗೆಯೇ 1951ರ ಜನಪ್ರಾತಿನಿಧ್ಯ ಕಾಯಿದೆಯ 127ಎ ಸೆಕ್ಷನ್ ಪ್ರಕಾರ ಚುನಾವಣೆಯ ಕರಪತ್ರ, ಪೋಸ್ಟರ್ ಯಾವುದೇ ಇರಲಿ, ಮುದ್ರಿಸಿದ ಪ್ರೆಸ್ ಮತ್ತು ಪ್ರಕಟಿಸಿದವರ ಹೆಸರು-ವಿಳಾಸ ಅದರ ಮೇಲೆಯೇ ಇರಬೇಕು. ಇಲ್ಲದಿದ್ದರೆ ಆರು ತಿಂಗಳ ಜೈಲು, ಇಲ್ಲವೇ 2,000 ರೂಪಾಯಿ ದಂಡ, ಇಲ್ಲವೇ ಎರಡೂ. ಪತ್ರಿಕೆಯ ಸಂಪಾದಕ, ಅಂಕಣಕಾರ, ವ್ಯಂಗ್ಯಚಿತ್ರಕಾರ ಹೊರದೇಶದ ದೇಣಿಗೆ ಪಡೆಯುವ ಹಾಗಿಲ್ಲ ಎಂದು 2010ರ ವಿದೇಶಿ ದೇಣಿಗೆ ಕಾಯಿದೆಯೂ ಹೇಳುತ್ತದೆ. ಕಾಗದದ ಮೇಲಿನ ಮಾತಿಗೆ ಇಷ್ಟೆಲ್ಲ ಬಿಗಿ ಉಂಟು. ಅದೇ ಮಾತು ಬಣ್ಣದ ಚಿತ್ರವಾಗಿ ಫೋನಿಗೆ ಬಂದರೆ ಪ್ರೆಸ್ಸಿನ ಹೆಸರೂ ಇಲ್ಲ, ಊರೂ ಇಲ್ಲ.

ಈ ಹಳೆಯ ದಾರಿಯನ್ನು ಫೋನಿಗೆ ಎಳೆಯುವ ಬದಲು ನಮ್ಮ ಸರಕಾರಗಳು ಇನ್ನೊಂದು ದಾರಿ ಹಿಡಿದವು. 2023ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಐಟಿ ನಿಯಮಗಳಿಗೆ ತಿದ್ದುಪಡಿ ತಂದು, ಸರಕಾರದ ಕೆಲಸಗಳ ಬಗ್ಗೆ ಯಾವುದು ಸುಳ್ಳು ಎಂದು ಗುರುತಿಸುವ ಫ್ಯಾಕ್ಟ್ ಚೆಕ್ ಘಟಕವನ್ನು ತಾನೇ ನೇಮಿಸುತ್ತೇನೆ ಎಂದಿತು. ಹಾಸ್ಯಗಾರ ಕುನಾಲ್ ಕಮ್ರಾ, ಎಡಿಟರ್ಸ್ ಗಿಲ್ಡ್ ಮುಂತಾದವರು ಬಾಂಬೆ ಹೈಕೋರ್ಟಿಗೆ ಹೋದರು. ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ಕೊಟ್ಟ ಮೇಲೆ, ಮೂರನೆಯವರಾದ ನ್ಯಾಯಮೂರ್ತಿ ಎ.ಎಸ್. ಚಂದೂರ್ಕರ್ 2024ರ ಸೆಪ್ಟೆಂಬರ್ 20ರಂದು ಆ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದರು. 2025ರ ಜೂನ್‌ನಲ್ಲಿ ನಮ್ಮ ಕರ್ನಾಟಕ ಸರಕಾರದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಹೊರಗೆ ಬಂತು. ಏಳು ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ, ಮಂತ್ರಿಯೇ ಅಧ್ಯಕ್ಷರಾಗಿರುವ ಪ್ರಾಧಿಕಾರ. ಟೀಕೆ ಬಂದಾಗ ಇದು ಅಂತಿಮವಲ್ಲ, ಚರ್ಚೆ ಮಾಡಿಯೇ ಮುಂದಿನ ಹೆಜ್ಜೆ ಎಂದರು. ಮಾಡಿದವರ ಉದ್ದೇಶ ಒಳ್ಳೆಯದೇ ಇರಬಹುದು. ದ್ವೇಷದ ಸುಳ್ಳುಗಳಿಂದ ಹೆಚ್ಚು ಪೆಟ್ಟು ತಿಂದ ನಮ್ಮವರಲ್ಲಿ ಹಲವರು ಅದನ್ನು ಸ್ವಾಗತಿಸಿದ್ದೂ ಉಂಟು. ಆದರೆ ಮಂತ್ರಿ ಬದಲಾಗುತ್ತಾರೆ, ಪಕ್ಷ ಬದಲಾಗುತ್ತದೆ, ಕುರ್ಚಿ ಮತ್ತು ಕಾನೂನು ಅಲ್ಲೇ ಇರುತ್ತವೆ. ನಾಳೆ ಆ ಕುರ್ಚಿಯಲ್ಲಿ ಕೂತವರು ‘ಸುಳ್ಳು’ ಎಂದು ಯಾರ ಕಡೆ ಬೆರಳು ತೋರಿಸುತ್ತಾರೆ ಎಂದು ಯೋಚಿಸಿ ನೋಡಿ.

ಖಲೀಫ ಮಅಮೂನ್ ಹಿಜರಿ 218ರಲ್ಲಿ ಕುರ್‌ಆನ್ ಸೃಷ್ಟಿಯೇ ಎಂಬ ವಿಷಯದಲ್ಲಿ ಸರಕಾರಿ ಉತ್ತರ ಒಂದನ್ನು ನಿಗದಿ ಮಾಡಿ ಎಲ್ಲ ಆಲಿಮ್‌ಗಳ ಪರೀಕ್ಷೆ ನಡೆಸಿದ. ಒಪ್ಪದ ಇಮಾಮ್ ಅಹ್ಮದ್ ಬಿನ್ ಹಂಬಲ್‌ರಿಗೆ ಸೆರೆಮನೆ, ಮುಂದಿನ ಖಲೀಫನ ಕಾಲದಲ್ಲಿ ಚಾಟಿ ಏಟು. ಹದೀಸಿನಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಬೇರ್ಪಡಿಸಿದ ಕೆಲಸ ಅರಮನೆಯಲ್ಲಿ ಆಗಲಿಲ್ಲ. ಮಸೀದಿಯ ಕಂಬಗಳ ಬಳಿ ಕೂತು, ಊರೂರು ಅಲೆದು, ಯಾವ ವರದಿಗಾರ ಎಲ್ಲಿಯವ, ಯಾರ ಬಳಿ ಕಲಿತ, ನೆನಪು ಹೇಗೆ, ನಡತೆ ಹೇಗೆ ಎಂದು ಬರೆದಿಟ್ಟ ಆಲಿಮ್‌ಗಳಿಂದ ಆಯಿತು. ಒಬ್ಬರು ಕೊಟ್ಟ ತೀರ್ಪನ್ನು ಇನ್ನೊಬ್ಬರು ಕಾರಣ ಕೊಟ್ಟು ಅಲ್ಲಗಳೆಯುತ್ತಿದ್ದರು. ಇದು ನಮ್ಮ ದೃಷ್ಟಿಯಲ್ಲಿ ಸರಿಯಾದ ಮಾಧ್ಯಮ ನೀತಿಗೆ ಹತ್ತಿರ ಇರುವಂಥದ್ದು. ಸರಕಾರ ಮಾಡಬೇಕಾದ್ದು ದಾಖಲೆಯನ್ನು ತೆರೆದಿಡಿಸುವುದು. ತೂಗುವ ಕೆಲಸ ಪತ್ರಕರ್ತರದ್ದು, ವಿದ್ವಾಂಸರದ್ದು, ಓದುಗರದ್ದು.

ಹಾಗಂತ ಪ್ರತಿಯೊಬ್ಬನ ಹೆಸರೂ ಬಯಲಾಗಬೇಕೆಂದೂ ಅಲ್ಲ. 2021ರ ಐಟಿ ನಿಯಮ, ವಾಟ್ಸಪ್ ಸಂದೇಶವನ್ನು ಮೊದಲು ಕಳಿಸಿದವರು ಯಾರು ಎಂದು ಕಂಪೆನಿ ಹುಡುಕಿ ಕೊಡಬೇಕು ಎನ್ನುತ್ತದೆ. ವಾಟ್ಸಪ್ ಅದರ ವಿರುದ್ಧ ದಿಲ್ಲಿ ಹೈಕೋರ್ಟಿಗೆ ಹೋಗಿದೆ. ಕಚೇರಿಯಲ್ಲಿ ನಡೆದ ಲಂಚದ ಬಗ್ಗೆ ಗುಟ್ಟಾಗಿ ತಿಳಿಸುವ ಗುಮಾಸ್ತನೂ, ಮನೆಯೊಳಗಿನ ಹಿಂಸೆಯನ್ನು ಹೆಸರಿಲ್ಲದೆ ಹೇಳಿಕೊಳ್ಳುವ ಹೆಣ್ಣುಮಗಳೂ ಇದೇ ಬಲೆಗೆ ಬೀಳುತ್ತಾರೆ. ದುರ್ಬಲರಿಗೆ ಮರೆ ಬೇಕು. ಹಣ ಕೊಟ್ಟು, ಆಳು ಇಟ್ಟು, ಸಾವಿರಾರು ಖಾತೆ ನಡೆಸುವವನಿಗೆ ಆ ಮರೆಯ ಹಕ್ಕು ಇಲ್ಲ. 127ಎ ಸೆಕ್ಷನ್ನಿನಲ್ಲಿ ಈ ವ್ಯತ್ಯಾಸ ಮೊದಲಿಂದಲೂ ಉಂಟು. ನೂರಾರು ಪ್ರತಿ ಅಚ್ಚು ಹಾಕಿಸಿ ಹಂಚುವವನಿಗೆ ಅದು ಅನ್ವಯ, ಕೈಯಲ್ಲಿ ಬರೆದ ಕಾಗದಕ್ಕೆ ಅಲ್ಲ.

ಕಾನೂನು ಬರುವಾಗ ಬರಲಿ, ಈಗಲೇ ಮಾಡಬಹುದಾದ ಒಂದು ಕೆಲಸ ಉಂಟು. ಹೂಸ್ಟನ್ ಪ್ರಕರಣದ ನಂತರ ಫೇಸ್‌ಬುಕ್ 2018ರಲ್ಲಿ ಜಾಹೀರಾತುಗಳ ಭಂಡಾರವೊಂದನ್ನು ತೆರೆಯಿತು. ರಾಜಕೀಯ ಜಾಹೀರಾತಿಗೆ ಹಣ ಕೊಟ್ಟವರ ಹೆಸರು ತೋರಿಸುವ ವ್ಯವಸ್ಥೆ 2019ರ ಫೆಬ್ರವರಿಯಲ್ಲಿ ಭಾರತಕ್ಕೂ ಬಂತು. ‘ಮೆಟಾ ಆ್ಯಡ್ ಲೈಬ್ರರಿ’ ಎಂದು ಹುಡುಕಿದರೆ ಸಿಗುತ್ತದೆ, ಖಾತೆ ಬೇಡ, ಹಣ ಬೇಡ. ದೇಶ ಭಾರತ ಎಂದು ಆರಿಸಿ, ರಾಜಕೀಯ ಮತ್ತು ಚುನಾವಣೆಯ ವಿಭಾಗಕ್ಕೆ ಹೋಗಿ, ಪುಟದ ಹೆಸರೋ ನಮ್ಮೂರಿನ ಹೆಸರೋ ಕನ್ನಡದಲ್ಲೇ ಹಾಕಿದರೆ ಸಾಕು. ಯಾವ ಜಾಹೀರಾತಿಗೆ ಯಾರು ಹಣ ಕೊಟ್ಟರು, ಸುಮಾರು ಎಷ್ಟು, ಎಷ್ಟು ಜನರಿಗೆ ತಲುಪಿತು ಎಂದು ಕಾಣಿಸುತ್ತದೆ. ಪುಟದ ಮಾಹಿತಿಯಲ್ಲಿ ಅದನ್ನು ಯಾವ ದೇಶದಿಂದ ನಡೆಸುತ್ತಿದ್ದಾರೆ ಎಂಬುದೂ ಕೆಲವೊಮ್ಮೆ ಸಿಗುತ್ತದೆ. ಜಮಾಅತಿನ ಯುವಕರ ಸಮಿತಿಯಲ್ಲಿ ಇಬ್ಬರು ಚುನಾವಣೆಯ ಸಮಯದಲ್ಲಿ ವಾರಕ್ಕೊಮ್ಮೆ ಕೂತು ನೋಡಿದರೂ ಆದೀತು. ಅಲ್ಲಿ ಸಿಗುವುದು ಜಾಹೀರಾತು ಮಾತ್ರ. ವಾಟ್ಸಪ್‌ನಲ್ಲಿ ಬರುವ ಸಂದೇಶದ ಮೂಲ ಅಲ್ಲಿ ಸಿಗುವುದಿಲ್ಲ, ಅದನ್ನು ಕಳಿಸಿದವರನ್ನೇ ಕೇಳಬೇಕು.